ಸೋಸಲೆಯ ಶಿವನಂಜಮ್ಮ ಕಡಲು ದಾಟಿದ್ದು

ಸೋಸಲೆಯ ಶಿವನಂಜಮ್ಮ ಸಮುದ್ರವನ್ನು ಮೊದಲ ಸಲ ಕಂಡದ್ದು ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ. ಕಂಡ ಮೂರನೆಯ ದಿನವೇ ತಾನು ಕಟ್ಟಿದ ಬಿದಿರಿನ ತೆಪ್ಪದ ಮೇಲೆ ಕುಳಿತು ಅದರೊಳಕ್ಕೆ ಹೊರಟಳು. ಈ ಎರಡು ಸಂಗತಿಗಳ ನಡುವೆ ಅಷ್ಟು ಕಡಿಮೆ ಸಮಯ ಇದ್ದದ್ದೇ ಒಳ್ಳೆಯದಾಯಿತು, ಇನ್ನೊಂದು ವಾರ ಕೊಟ್ಟಿದ್ದರೆ ಧೈರ್ಯ ಸೋರಿಹೋಗುತ್ತಿತ್ತು ಎಂದು ಅವಳೇ ಈಗ ಹೇಳುತ್ತಾಳೆ.

ಅವಳ ತಂದೆ ಗೋವಿಂದಯ್ಯ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದವನು. ಮೂವರು ಗಂಡುಮಕ್ಕಳಿದ್ದರೂ ಹುಟ್ಟು ಹಿಡಿಯುವ ಹುಚ್ಚು ಹತ್ತಿದ್ದು ಮಗಳಿಗೆ. ಒಂಬತ್ತನೆಯ ವಯಸ್ಸಿಗೇ ಅವಳು ಶಾಲೆಯ ಚೀಲವನ್ನು ದಡದಲ್ಲಿಟ್ಟು, ಆಚೆ ಗದ್ದೆಗೆ ಹೋಗುವ ಹೆಂಗಸರನ್ನು ದಾಟಿಸಿ ಬಂದು, ಆಮೇಲೆ ಶಾಲೆಗೆ ಹೋಗುತ್ತಿದ್ದಳು. ಬಿದಿರು ಸೀಳುವುದು, ಬುಟ್ಟಿಯ ಹಾಗೆ ಹೆಣೆಯುವುದು, ಹೊರಗೆ ಹೊದಿಕೆ ಹಾಕಿ ಟಾರು ಬಳಿಯುವುದು, ಎಲ್ಲವನ್ನೂ ತಂದೆಯ ಪಕ್ಕದಲ್ಲಿ ಕೂತು ಕಲಿತಳು. ಮದುವೆಯಾದದ್ದು ತಾಂಡವಪುರದ ಸಿದ್ದರಾಜುವನ್ನು. ಸೋಸಲೆಗೇ ಬಂದು ನೆಲೆಸಿದ ಸಿದ್ದರಾಜು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವವನು. ಒಳ್ಳೆಯ ಮನುಷ್ಯ, ಆದರೆ ನೀರು ಕಂಡರೆ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಹರಿಗೋಲು ಹತ್ತಿದ್ದ. ನಡುಹೊಳೆಯಲ್ಲಿ ಅದು ಒಂದು ಸುತ್ತು ತಿರುಗಿದ್ದೇ ತಡ, ಹೆಂಡತಿಯ ಎರಡೂ ಕಾಲು ಹಿಡಿದುಕೊಂಡು ಕೂತುಬಿಟ್ಟ. ಈ ವಿಷಯ ಊರಿಗೆಲ್ಲ ಗೊತ್ತು. ಗೊತ್ತು ಮಾಡಿದವಳು ಶಿವನಂಜಮ್ಮನೇ.

ಸೇತುವೆಗಳು ಬಂದ ಮೇಲೆ ಹರಿಗೋಲಿನ ಕೆಲಸ ಕಡಿಮೆಯಾಯಿತು. ಆದರೂ ಬಸ್ಸು ಹಿಡಿದು ಸುತ್ತಿ ಬರುವುದಕ್ಕಿಂತ ಹೊಳೆ ದಾಟುವುದೇ ಹತ್ತಿರ ಎನ್ನುವ ಕೂಲಿ ಹೆಂಗಸರು, ಹುಲ್ಲಿನ ಹೊರೆ ತರುವವರು, ಭಾನುವಾರ ಫೋಟೋ ತೆಗೆಸಿಕೊಳ್ಳಲು ಬರುವವರು ಇದ್ದೇ ಇದ್ದರು. ಹಾಗೆ ಬಂದವರಲ್ಲಿ ಒಬ್ಬಳು ತೇಜಸ್ವಿನಿ. ಮೈಸೂರಿನಲ್ಲಿ ಸಂಶೋಧನೆ ಮಾಡುವ ಹುಡುಗಿ, ಮೂವತ್ತರ ಆಸುಪಾಸು. ದಡದಿಂದ ದಡಕ್ಕೆ ಮೂರು ಸಲ ಓಡಾಡಿದಳು, ಇಳಿಯಲಿಲ್ಲ. ಬಿದಿರಿನ ಕಟ್ಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು.

"ಏನವ್ವ ಅದು ಬರ್ಕೋತಾ ಇದ್ದೀಯೆ? ಪಂಚಾಯ್ತಿಯೋಳಾ?" ಎಂದು ಶಿವನಂಜಮ್ಮ ಕೇಳಿದಳು.

"ಅಲ್ಲಕ್ಕ. ಹಳೇ ಕಾಲದ ಜನ ನೀರು ದಾಟಿದ್ದು ಹೇಗೆ ಅಂತ ಓದ್ತಾ ಇದ್ದೀನಿ."

"ಎಷ್ಟು ಅಳೇ ಕಾಲ? ನಮ್ಮಪ್ಪನ ಕಾಲವಾ?"

"ಐವತ್ತು ಸಾವಿರ ವರ್ಷ. ಅದಕ್ಕಿಂತ ಹಿಂದೇನೂ ಇರಬಹುದು."

ಶಿವನಂಜಮ್ಮ ಹುಟ್ಟು ನಿಲ್ಲಿಸಿದಳು. ಹರಿಗೋಲು ಮೆಲ್ಲಗೆ ತಿರುಗತೊಡಗಿತು. ತೇಜಸ್ವಿನಿ ಹೇಳುತ್ತಾ ಹೋದಳು. ಮನುಷ್ಯರು ಆಫ್ರಿಕಾದಿಂದ ಹೊರಟು, ತಲೆಮಾರಿನ ಮೇಲೆ ತಲೆಮಾರು ನಡೆಯುತ್ತಾ, ನಮ್ಮ ಸೀಮೆಯನ್ನೂ ಹಾದು, ಪೂರ್ವದ ದ್ವೀಪಗಳವರೆಗೆ ಹೋದರಂತೆ. ಆಗ ಸಮುದ್ರ ಈಗಿನದಕ್ಕಿಂತ ತಗ್ಗಿತ್ತು, ಎಷ್ಟೋ ದ್ವೀಪಗಳು ನೆಲಕ್ಕೆ ಅಂಟಿಕೊಂಡಿದ್ದವು. ಆದರೆ ಆಸ್ಟ್ರೇಲಿಯಾ ಮುಟ್ಟುವ ಮೊದಲು ನೀರು ಅಡ್ಡ ಬಂತು, ನಡೆದು ಹೋಗುವ ಹಾಗಿರಲಿಲ್ಲ. ಆದರೂ ಅವರು ದಾಟಿದರು. ಯಾವುದರಲ್ಲಿ ದಾಟಿದರು ಎನ್ನುವುದಕ್ಕೆ ಒಂದು ಚೂರು ಮರವೂ ಉಳಿದಿಲ್ಲ. ಬಿದಿರಿನ ತೆಪ್ಪ ಇರಬಹುದು ಎಂಬುದು ಊಹೆ.

"ಆ ದಡ ಕಾಣ್ತಿತ್ತಾ ಅವ್ರಿಗೆ?"

ತೇಜಸ್ವಿನಿ ಪುಸ್ತಕ ಮುಚ್ಚಿದಳು. "ನಮ್ಮ ಸೆಮಿನಾರುಗಳಲ್ಲಿ ಮೊದಲು ಜಗಳ ಆಗೋದೇ ಈ ಪ್ರಶ್ನೆಗೆ ಅಕ್ಕ. ಕೆಲವು ಕಡೆ ಕಾಣ್ತಿತ್ತು, ಕೆಲವು ಕಡೆ ಇಲ್ಲ. ಕಾಡಿಗೆ ಬೆಂಕಿ ಬಿದ್ದಾಗ ಹೊಗೆ ಕಂಡಿರಬಹುದು. ಹಕ್ಕಿಗಳು ಹೋಗೋದನ್ನ ನೋಡಿರಬಹುದು."

"ಅಷ್ಟಿದ್ರೆ ಆಯ್ತಲ್ಲ. ಮಾಗೀಲಿ ಮಂಜು ಬಿದ್ರೆ ನಂಗೂ ಆ ದಡ ಕಾಣಾಕಿಲ್ಲ. ಆಲೆಮನೆ ವಾಸ್ನೆ ಯಾವ ಕಡೆಯಿಂದ ಬತ್ತದೋ ಆ ಕಡೀಕೆ ಓಡಿಸ್ತೀನಿ."

ಇದನ್ನೂ ಆ ಹುಡುಗಿ ಬರೆದುಕೊಂಡಳು.

ಬಿದಿರಿನ ತೆಪ್ಪದಲ್ಲಿ ಸಮುದ್ರ ದಾಟಬಹುದೇ ಎಂದು ತಾವೇ ನೋಡಲು ನವೆಂಬರಿನಲ್ಲಿ ತೇಜಸ್ವಿನಿಯ ತಂಡ ಒಂದು ತೆಪ್ಪವನ್ನು ಲಾರಿಯಲ್ಲಿ ತಂದು ನರಸೀಪುರದಲ್ಲಿ ಇಳಿಸಿತು. ಅದನ್ನು ಕಟ್ಟಿಸಿದವನು ಅಮೃತೇಶ್, ಜಲಸಾಹಸ ಕ್ರೀಡೆಗಳಲ್ಲಿ ಪಳಗಿದ ಮೈಸೂರಿನ ಯುವಕ. ಕಂಪ್ಯೂಟರಿನಲ್ಲಿ ಅಳತೆ ತೆಗೆದು, ಎಂಟು ಮೀಟರ್ ಉದ್ದದ ಬೊಂಬುಗಳನ್ನು ಒಂದಕ್ಕೊಂದು ಅಲುಗಾಡದಂತೆ ಬಿಗಿದಿದ್ದ. ಸಮುದ್ರಕ್ಕೆ ಒಯ್ಯುವ ಮೊದಲು ಕಪಿಲೆ ಕಾವೇರಿಗೆ ಸೇರುವಲ್ಲಿ ಪರೀಕ್ಷೆ ಮಾಡುವುದೆಂದಾಗಿತ್ತು. ಏನಾದರೂ ಆದರೆ ಇರಲಿ ಎಂದು ಶಿವನಂಜಮ್ಮನನ್ನು ಹರಿಗೋಲಿನೊಂದಿಗೆ ಕರೆಸಿದ್ದರು.

ಅವಳು ತೆಪ್ಪವನ್ನು ಒಂದು ಸುತ್ತು ನೋಡಿ, ಕಟ್ಟನ್ನು ಕಾಲಿನಿಂದ ಒದ್ದು ನೋಡಿದಳು. "ಸಾ, ಇದು ಬಾಳ ಬಿಗೀ ಆಯ್ತು. ನೀರು ಬಳುಕ್ತದೆ. ಇದು ಬಳುಕ್ನಿಲ್ಲ ಅಂದ್ರೆ ಮುರೀತದೆ."

"ಇಲ್ಲಮ್ಮ, ಲೋಡ್ ಎಲ್ಲಾ ಲೆಕ್ಕ ಹಾಕಿದ್ದೀವಿ," ಎಂದು ಅಮೃತೇಶ್ ವಿನಯವಾಗಿಯೇ ಹೇಳಿದ.

ಎರಡು ಹೊಳೆಯ ನೀರು ಕಲೆಯುವ ಕಡೆ ಸುಳಿ ಎತ್ತೆತ್ತಿ ಹಾಕುತ್ತದೆ. ತೆಪ್ಪ ಅಲ್ಲಿಗೆ ಹೋಗಿ ಕಾಲು ಗಂಟೆಯಾಗಿರಲಿಲ್ಲ, ಹಗ್ಗ ಟಪ್ ಟಪ್ ಎಂದು ಹರಿಯತೊಡಗಿತು. ಬೊಂಬುಗಳು ಒಂದೊಂದು ದಿಕ್ಕಿಗೆ ಹೊರಟವು. ನಾಲ್ವರು ಗಟ್ಟಿಮುಟ್ಟಾದ ಹುಡುಗರು ಲೈಫ್ ಜಾಕೆಟ್ಟಿನಲ್ಲಿ ತೇಲುತ್ತಿದ್ದರು. ಶಿವನಂಜಮ್ಮ ಹರಿಗೋಲು ತಂದು ಒಬ್ಬೊಬ್ಬರನ್ನೇ ತೋಳು ಹಿಡಿದು ಎಳೆದುಕೊಂಡಳು. ಕೊನೆಗೆ ಹತ್ತಿದವನು ಅಮೃತೇಶ್. ಮೂಗಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಂಡು, ಅವನೇ ನಕ್ಕುಬಿಟ್ಟ.

"ಅಮ್ಮ, ನೀವೇ ಕಟ್ಟಿಕೊಡ್ತೀರಾ?"

"ಕೇಳ್ದೆ ಇದ್ರೂ ಕಟ್ತಿದ್ದೆ ಬುಡಿ ಸಾ. ನೋಡಾಕಾಗ್ನಿಲ್ಲ."

ಬಿದಿರು ಆರಿಸಲು ಅವಳು ನಂಜನಗೂಡಿಗೆ ಹೋದಳು. ಅಲ್ಲಿ ಬೊಂಬು ಮಾರುವ ನಂಜುಂಡಸ್ವಾಮಿಯ ಅಂಗಡಿಯಲ್ಲಿ ಅರ್ಧ ದಿನ ಕಳೆದಳು. ಪ್ರತಿ ಬೊಂಬನ್ನೂ ಬೆರಳಗಂಟಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದಳು. ಹುಳ ತೂತು ಹಾಕಿದ ಬೊಂಬಿನೊಳಕ್ಕೆ ನೀರು ಸೇರುತ್ತದೆ, ಸೇರಿದರೆ ತೇಲುವುದಿಲ್ಲ. "ಯಾಕಮ್ಮ, ಬೊಂಬಿಗೆ ಸಂಬಂಧ ನೋಡ್ತಾ ಇದ್ದೀಯಾ?" ಎಂದು ನಂಜುಂಡಸ್ವಾಮಿ ರೇಗಿಸಿದ. ಅರವತ್ತರಲ್ಲಿ ಇಪ್ಪತ್ತೆರಡನ್ನು ಮಾತ್ರ ಒಪ್ಪಿಕೊಂಡು ಬಂದಳು.

ಸೋಸಲೆಯ ದಡದಲ್ಲಿ ಕೆಲಸ ಶುರುವಾದಾಗ ಹೊಸ ತಾಪತ್ರಯ ಬಂತು. ಅಂದಿನವರ ಬಳಿ ಇದ್ದ ಸಾಮಾನಿನಲ್ಲೇ ಕಟ್ಟಬೇಕು, ಕಬ್ಬಿಣ ಕೂಡದು ಎಂದು ತೇಜಸ್ವಿನಿ ಹೇಳಿದಳು. ಅಮೃತೇಶನ ಗೆಳೆಯರಿಬ್ಬರು ಚೂಪು ಕಲ್ಲುಗಳನ್ನು ಹಿಡಿದು ಬೊಂಬನ್ನು ಅಳತೆಗೆ ಕತ್ತರಿಸಲು ಕೂತರು. ಮಧ್ಯಾಹ್ನದ ಹೊತ್ತಿಗೆ ಒಂದು ಬೊಂಬು ಮುಕ್ಕಾಲು ತುಂಡಾಗಿತ್ತು, ನಾಲ್ಕು ಅಂಗೈಯಲ್ಲೂ ಬೊಬ್ಬೆ ಬಂದಿತ್ತು.

"ಕಲ್ಲಲ್ಲೇ ಕುಯ್ಬೇಕಾ? ಬೆಂಕಿ ಇರ್ನಿಲ್ವಾ ಅವ್ರಿಗೆ?" ಎಂದಳು ಶಿವನಂಜಮ್ಮ.

ಬೆಂಕಿ ಇತ್ತು, ಖಂಡಿತ ಇತ್ತು ಎಂದು ತೇಜಸ್ವಿನಿ ಒಪ್ಪಿದಳು. ಶಿವನಂಜಮ್ಮ ಕತ್ತರಿಸಬೇಕಾದ ಜಾಗದ ಎರಡೂ ಕಡೆ ಹಸಿ ಜೇಡಿಮಣ್ಣು ಮೆತ್ತಿ, ನಡುವೆ ಎರಡು ಬೆರಳಿನಷ್ಟು ಬಿಟ್ಟು, ಅಲ್ಲಿಗೆ ಕೆಂಡ ಇಟ್ಟು ಊದಿದಳು. ಸುಟ್ಟು ಕಪ್ಪಾದ ಕಡೆ ಕಲ್ಲಿನಿಂದ ಎರಡು ಏಟು ಹಾಕಿದಳು, ತುಂಡಾಯಿತು. ಸಂಜೆಯೊಳಗೆ ಹತ್ತು ಬೊಂಬು ಮುಗಿದವು.

ಹಗ್ಗದ ವಿಷಯದಲ್ಲಿ ಇಬ್ಬರಿಗೂ ಸ್ವಲ್ಪ ಜಗಳವೇ ಆಯಿತು. ಕತ್ತಾಳೆ ನಾರು ಗಟ್ಟಿ ಎಂದು ಶಿವನಂಜಮ್ಮ ಹೊರೆಗಟ್ಟಲೆ ಕೊಯ್ದು ತಂದಿದ್ದಳು. ತೇಜಸ್ವಿನಿ ಅದು ಬೇಡವೆಂದಳು. ಕತ್ತಾಳೆ ಅಮೆರಿಕದ ಕಡೆಯ ಗಿಡ, ನಾಲ್ಕೈದು ನೂರು ವರ್ಷದ ಈಚೆಗೆ ಹಡಗಿನವರ ಜೊತೆ ಸಮುದ್ರ ದಾಟಿ ಬಂದದ್ದು, ಆ ಕಾಲದವರು ಅದನ್ನು ನೋಡಿಯೇ ಇರಲಿಲ್ಲ.

"ನಮ್ಮ ಬೇಲಿ ಕತ್ತಾಳೆಯಾ? ಅಡಗಲ್ಲಿ ಬಂದದ್ದಾ?" ಶಿವನಂಜಮ್ಮನಿಗೆ ನಂಬಲೇ ಆಗಲಿಲ್ಲ. "ಇನ್ನೇನೇನು ಬಂದದೆ ಅಂಗೆ?"

"ಮೆಣಸಿನಕಾಯಿ, ಟೊಮ್ಯಾಟೊ, ಕಡಲೆಕಾಯಿ..."

"ತಗೋ! ಇನ್ನು ನಮ್ಮ ಸಾರಲ್ಲಿ ನಮ್ದು ಅನ್ನೋದು ಉಪ್ಪೊಂದೇ ಬುಡು."

ಕೊನೆಗೆ ಅವಳಿಗೆ ಅಪ್ಪ ಮಾಡುತ್ತಿದ್ದದ್ದು ನೆನಪಾಯಿತು. ಮುತ್ತುಗದ ಬೇರಿನ ತೊಗಟೆ ಸುಲಿದು, ನೀರಲ್ಲಿ ನೆನೆಸಿ, ಕುಟ್ಟಿ, ಹೊಸೆದರೆ ಬರುವ ನಾರು. ಹಸಿಯಿದ್ದಾಗ ಕಟ್ಟಿದರೆ ಬೊಂಬಿಗೆ ಕಚ್ಚಿಕೊಳ್ಳುತ್ತದೆ, ನೀರಲ್ಲಿ ಜಾರುವುದಿಲ್ಲ. ಹಾಗೆ ಕಟ್ಟಿದ ತೆಪ್ಪವನ್ನು ಸಂಗಮದ ಸುಳಿಗೆ ಒಯ್ದರು. ಹಾಸಿಗೆ ಕೊಡವಿದ ಹಾಗೆ ತೆಪ್ಪವಿಡೀ ಒಮ್ಮೆ ಏರಿ ಇಳಿಯಿತು. ಒಂದು ಗಂಟೂ ಬಿಚ್ಚಲಿಲ್ಲ. ಅಮೃತೇಶ್ ತೆಪ್ಪದ ಮೇಲೇ ಮಂಡಿಯೂರಿ ಅವಳಿಗೆ ಕೈಮುಗಿದ.

ಸಮುದ್ರಕ್ಕೆ ಯಾರು ಹೋಗುವುದು ಎಂಬ ಮಾತು ಬಂದದ್ದು ಆ ದಿನವೇ, ದಡದಲ್ಲಿ ಕಾಫಿ ಕುಡಿಯುವಾಗ. ಅಮೃತೇಶ್ ಮತ್ತು ಮೂವರು ಗೆಳೆಯರು ಎಂದು ಪಟ್ಟಿ ಆಗಿತ್ತು. ತೇಜಸ್ವಿನಿ ಹಿಂದಿನಿಂದ ಬರುವ ಎಂಜಿನ್ ದೋಣಿಯಲ್ಲಿ ಕೂತು ಬರೆದುಕೊಳ್ಳುವುದು.

"ನಾಕು ಗಂಡಸ್ರಾ?" ಎಂದಳು ಶಿವನಂಜಮ್ಮ. "ನಾಕು ಗಂಡಸ್ರು ಓದ್ರೆ ಅಲ್ಲೋಗಿ ಬೀಡಿ ಸೇದ್ಕೊಂಡು ಕುಂತ್ಕೋತಾರೆ. ಊರು ಎಂಗಾಯ್ತದೆ? ಆ ಕಾಲ್ದಲ್ಲಿ ಎಣ್ಣು ಮಕ್ಕಳು ಓಗ್ನಿಲ್ವಾ?"

ಎಲ್ಲರೂ ನಕ್ಕರು, ತೇಜಸ್ವಿನಿ ನಗಲಿಲ್ಲ. "ಹೋಗಲೇಬೇಕಿತ್ತು ಅಕ್ಕ," ಎಂದಳು. "ಯಾರೋ ಒಬ್ಬಿಬ್ಬರು ಮಾತ್ರ ಅಲೆಗೆ ಸಿಕ್ಕಿ ಆ ದಡ ಸೇರಿದ್ದರೆ ಅಲ್ಲಿ ಜನ ಉಳೀತಾ ಇರಲಿಲ್ಲ. ಗಂಡಸರು, ಹೆಂಗಸರು, ತುಂಬ ಜನ, ಬೇಕಂತಲೇ ಹೊರಟಿರಬೇಕು. ಇದನ್ನ ನಾನೇ ಬರೆದಿದ್ದೀನಿ. ಬರೆದು, ನಾನೇ ದೋಣೀಲಿ ಕೂತ್ಕೋತೀನಿ ಅಂತ ಒಪ್ಕೊಂಡಿದ್ದೀನಿ."

"ಅಂಗಾದ್ರೆ ನೀನು ಬಾ. ನಾನೂ ಬತ್ತೀನಿ," ಎಂದಳು ಶಿವನಂಜಮ್ಮ. ಕಾಫಿ ಲೋಟ ಕೆಳಗಿಟ್ಟ ಮೇಲಷ್ಟೇ ತಾನು ಏನು ಹೇಳಿದೆ ಎಂದು ಅವಳಿಗೆ ಹೊಳೆದದ್ದು.

ಮನೆಯಲ್ಲಿ ಸಿದ್ದರಾಜು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಕಾರ್ಖಾನೆಯಿಂದ ಬಂದವನೇ, "ನಾನೂ ರಜ ಆಕಿ ಬಂದಿವ್ನಿ," ಎಂದ.

"ನೀವು ಬಂದು ಏನ್ ಮಾಡ್ತೀರಿ?"

"ದಡದಲ್ಲಿ ನಿಂತ್ಕೋತೀನಿ ಕಣೆ. ಯಾರಾದ್ರೂ ಒಬ್ರು ದಡದಲ್ಲಿ ಇರ್ಬೇಕು."

ಡಿಸೆಂಬರಿನಲ್ಲಿ ಹೊನ್ನಾವರದ ಕಡೆಯ ಒಂದು ಮೀನುಗಾರರ ಹಳ್ಳಿಗೆ ಎಲ್ಲರೂ ಹೋದರು. ತೀರದಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಒಂದು ಗುಡ್ಡದಂಥ ದ್ವೀಪ ಕಾಣುತ್ತಿತ್ತು. ಶಿವನಂಜಮ್ಮ ಮರಳಿನ ಮೇಲೆ ನಿಂತು ಎಡಕ್ಕೆ, ಬಲಕ್ಕೆ ನೋಡಿದಳು. "ಅಯ್ಯೋ, ದ್ವೀಪದಿಂದ ಆಚೀಕೆ ದಡಾನೇ ಇಲ್ವಲ್ಲ ಇದಕ್ಕೆ," ಎಂದಳು. ಬೊಗಸೆ ನೀರು ಬಾಯಿಗೆ ಹಾಕಿ ತೂ ಎಂದು ಉಗಿದಳು. ಸಿದ್ದರಾಜು ಇಪ್ಪತ್ತು ಮಾರು ಹಿಂದೆ, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

ಎಂಜಿನ್ ದೋಣಿಯವನು ಈಶ್ವರ ತಾಂಡೇಲ, ಆ ಊರಿನ ಹಿರಿಯ ಮೀನುಗಾರ. ಮೂರನೆಯ ದಿನ ಬೆಳಿಗ್ಗೆ ಐದು ಜನ ತೆಪ್ಪ ಹತ್ತಿದರು: ಅಮೃತೇಶ್, ಅವನ ಇಬ್ಬರು ಗೆಳೆಯರು, ತೇಜಸ್ವಿನಿ, ಶಿವನಂಜಮ್ಮ. ಮೂರನೆಯ ಗೆಳೆಯ ತನ್ನ ಜಾಗ ಬಿಟ್ಟುಕೊಟ್ಟಿದ್ದ. ಅಲೆಯ ಹೊಡೆತಕ್ಕೆ ತೆಪ್ಪ ಮತ್ತೆ ಮತ್ತೆ ದಡಕ್ಕೇ ಬರುತ್ತಿತ್ತು. ತಳ್ಳುವವರು ಸಾಲದಾದರು. ಆಗ ಹಿಂದಿನಿಂದ ಯಾರೋ ಜೋರಾಗಿ ಉಸಿರು ಬಿಡುತ್ತಾ ತಳ್ಳಿದಂತಾಯಿತು. ಶಿವನಂಜಮ್ಮ ತಿರುಗಿ ನೋಡಿದರೆ ಸಿದ್ದರಾಜು! ಎದೆಮಟ್ಟ ನೀರಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎರಡೂ ಕೈಯಿಂದ ತೆಪ್ಪ ತಳ್ಳುತ್ತಿದ್ದ. "ಕಣ್ ಬುಡ್ರೀ!" ಎಂದು ಇವಳು ಕೂಗಿದಳು. "ಬುಟ್ರೆ ಎದರ್ಕೆ ಆಯ್ತದೆ, ನೀನು ಓಗು!" ಎಂದು ಅವನು ಕೂಗಿದ.

ಆ ದಿನ ಅವರು ದ್ವೀಪ ಮುಟ್ಟಲಿಲ್ಲ. ಅರ್ಧ ಗಂಟೆಯಲ್ಲಿ ಶಿವನಂಜಮ್ಮನಿಗೆ ಹೊಟ್ಟೆ ತೊಳೆಸಿ, ಬೆಳಿಗ್ಗೆ ತಿಂದ ಇಡ್ಲಿಯೆಲ್ಲ ಸಮುದ್ರಕ್ಕೆ ಹೋಯಿತು. ನಲವತ್ತು ವರ್ಷ ನೀರಿನ ಮೇಲೆ ಇದ್ದವಳಿಗೆ ಇದು ದೊಡ್ಡ ಅವಮಾನ. ಅದಕ್ಕಿಂತ ಕೆಟ್ಟದ್ದೆಂದರೆ, ಹೊಳೆಯ ಲೆಕ್ಕದಲ್ಲಿ ಅವಳು ಹೇಳಿದ ದಿಕ್ಕಿಗೆ ಎಲ್ಲರೂ ಹುಟ್ಟು ಹಾಕಿದ್ದರು. ನಡುವೆ ಸೆಳೆತ ತಿರುಗಿತು. ದ್ವೀಪ ಬಲಗಡೆಯಿಂದ ಮೆಲ್ಲಗೆ ಹಿಂದಕ್ಕೆ ಸರಿದುಹೋಯಿತು. ತಾಂಡೇಲ ಹಗ್ಗ ಎಸೆದು ಎಳೆದುಕೊಂಡು ಬಂದ.

ಸಂಜೆ ಅವಳು ತಾಂಡೇಲನ ಮುಂದೆ ಮರಳಿನಲ್ಲಿ ಕೂತಳು. "ಅಣ್ಣಾ, ನಂಗೆ ಇದರ ಗುಣ ಯೋಳ್ಕೊಡಿ," ಎಂದಳು.

"ನಿಮ್ಮ ಹೊಳೆ ಒಂದೇ ಬದಿಗೆ ಹೋಗ್ತದೆ ಅಕ್ಕ," ಎಂದು ತಾಂಡೇಲ ಬೆರಳಿನಿಂದ ಮರಳಿನಲ್ಲಿ ಗೀಟು ಹಾಕಿದ. "ಕಡಲು ಹೋಗ್ತದೆ, ಬರ್ತದೆ. ಅದರ ಸಂಗಡ ಜಗಳ ಮಾಡಿ ಆಗೂದಿಲ್ಲ. ನೀರು ಇಳಿಯುವಾಗ ಹೊರಡಬೇಕು, ಅದೇ ನಿಮ್ಮನ್ನ ಹೊರಗೆ ಒಯ್ತದೆ. ತಿರುಗೂದರೊಳಗೆ ದ್ವೀಪದ ಮರೆಗೆ ಸೇರ್ಬೇಕು. ಅಷ್ಟೇ."

"ಎಷ್ಟೊತ್ತಿಗೆ ತಿರುಗ್ತದೆ ಅಂತ ಎಂಗೆ ಗೊತ್ತಾಯ್ತದೆ?"

"ಚಂದ್ರನ ನೋಡಿ."

ಆ ಮಾತು ಕೇಳಿ ಪಕ್ಕದಲ್ಲಿದ್ದ ತೇಜಸ್ವಿನಿ ಒಂದು ಪುಟ ಬರೆದಳು. ಶಿವನಂಜಮ್ಮ ಮಾರನೆಯ ದಿನವೆಲ್ಲ ದಡದಲ್ಲಿ ಕಡ್ಡಿ ನೆಟ್ಟು, ನೀರು ಎಲ್ಲಿಗೆ ಬಂತು, ಎಲ್ಲಿಗೆ ಹೋಯಿತು ಎಂದು ನೋಡುತ್ತಾ ಕೂತಳು. ಐದನೆಯ ದಿನ ಬೆಳಕು ಹರಿಯುವ ಹೊತ್ತಿಗೆ, ಖಾಲಿ ಹೊಟ್ಟೆಯಲ್ಲಿ, ಬಾಯಲ್ಲಿ ಶುಂಠಿಯ ಚೂರು ಇಟ್ಟುಕೊಂಡು ಹತ್ತಿದಳು.

ಈ ಸಲ ಸಮುದ್ರವೇ ಅವರನ್ನು ಕೈಹಿಡಿದು ಕರೆದೊಯ್ದಂತಿತ್ತು. ಎಲ್ಲರ ಹುಟ್ಟು ಒಟ್ಟಿಗೆ ಬೀಳಲಿ ಎಂದು ಶಿವನಂಜಮ್ಮ ಎಣಿಸುತ್ತಿದ್ದಳು. ಎಣಿಸಿ ಬೇಸರವಾದಾಗ ಸೋಸಲೆಯಿಂದ ಮೈಸೂರಿನವರೆಗೆ ಬಸ್ಸು ನಿಲ್ಲುವ ಜಾಗಗಳ ಹೆಸರನ್ನು ಒಂದೊಂದಾಗಿ ಕೂಗಿದಳು, ಹುಡುಗರು ನಗುತ್ತಾ ಅದಕ್ಕೇ ಹುಟ್ಟು ಹಾಕಿದರು. ತೆಪ್ಪದ ಬೊಂಬುಗಳ ಸಂದಿಯಿಂದ ನೀರು ಉಕ್ಕಿ ಬಂದು ಸೊಂಟದವರೆಗೆ ನೆನೆಸುತ್ತಿತ್ತು. ಎರಡು ಗಂಟೆಯ ಮೇಲೆ ಸೆಳೆತ ಸಡಿಲವಾಯಿತು. ಮುಂದಿನ ಅರ್ಧ ಗಂಟೆ ತೋಳು ಬಿದ್ದುಹೋಗುವ ಹಾಗೆ ಹುಟ್ಟು ಹಾಕಿದರು. ದ್ವೀಪದ ಮರೆಗೆ ಬಂದಾಗ ಗಾಳಿ ನಿಂತು, ನೀರು ಒಮ್ಮೆಲೇ ಹಸಿರಾಗಿ ತಣ್ಣಗಾಯಿತು. ಬಂಡೆಗಳ ನಡುವೆ ಸಣ್ಣದೊಂದು ಮರಳ ಪಟ್ಟಿ. ತೆಪ್ಪ ಅಲ್ಲಿಗೆ ಹೋಗಿ ಕರ್ ಎಂದು ನಿಂತಿತು.

ಅಮೃತೇಶ್ ಮತ್ತು ಗೆಳೆಯರು ಕೇಕೆ ಹಾಕುತ್ತಾ ನೀರಿಗೆ ಹಾರಿದರು. ತೇಜಸ್ವಿನಿ ಮರಳ ಮೇಲೆ ಬೋರಲು ಬಿದ್ದು ಅಳುತ್ತಾ ನಗುತ್ತಿದ್ದಳು. ಶಿವನಂಜಮ್ಮ ಮೊದಲು ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಎಲ್ಲವೂ ಸರಿಯಾಗಿದ್ದವು. ಆಮೇಲೆ ನಾಲ್ಕು ಹೆಜ್ಜೆ ನಡೆದು, ಸೆರಗು ಹಿಂಡಿಕೊಂಡು, ಗುಡ್ಡದ ಕಡೆ ನೋಡಿ ಕೇಳಿದಳು.

"ಇಲ್ಲಿ ಸೀನೀರು ಅದಾ?"

ತೇಜಸ್ವಿನಿ ಎದ್ದು ಕೂತಳು. ಐವತ್ತು ಸಾವಿರ ವರ್ಷದ ಹಿಂದೆಯೂ ಇಳಿದವರು ಮೊದಲು ಇದನ್ನೇ ಕೇಳಿರಬೇಕು ಎಂದಳು. ಅದೆಲ್ಲ ಶಿವನಂಜಮ್ಮನಿಗೆ ಬೇಕಿರಲಿಲ್ಲ, ಬಾಯೆಲ್ಲ ಉಪ್ಪಾಗಿತ್ತು. ಹಿಂದೆಯೇ ದೋಣಿ ತಂದ ತಾಂಡೇಲ, ಮೇಲೆ ಒಂದು ಹಳೆಯ ಬಾವಿ ಇದೆ ಎಂದು ದಾರಿ ತೋರಿಸಿದ. ಅವಳು ಹತ್ತಿ ಹೋಗಿ, ಹೊಟ್ಟೆ ತುಂಬ ಕುಡಿದು, ಬಾವಿಯ ಕಟ್ಟೆಯ ಮೇಲೆ ಕೂತು ತೀರದ ಕಡೆ ನೋಡಿದಳು. ಅಷ್ಟು ದೂರದಲ್ಲಿ ಒಂದು ಚುಕ್ಕೆ ಬಿಳಿ ಪಂಚೆ ಬೀಸುತ್ತಿತ್ತು. ಸಿದ್ದರಾಜು ಅದನ್ನು ಬೆಳಿಗ್ಗೆಯಿಂದ ಬೀಸುತ್ತಲೇ ಇದ್ದ ಎಂದು ಆಮೇಲೆ ಗೊತ್ತಾಯಿತು.

ಈ ಪ್ರಯೋಗದ ವರದಿ ಸಂಶೋಧನೆಯ ಪತ್ರಿಕೆಗೆ ಹೋಗುವಾಗ ತೇಜಸ್ವಿನಿ ಫೋನು ಮಾಡಿ, "ಅಕ್ಕ, ಬರೆದವರ ಸಾಲಿನಲ್ಲಿ ನಿಮ್ಮ ಹೆಸರು ಇದೆ. ಇನಿಷಿಯಲ್ ಏನು ಹಾಕಲಿ?" ಎಂದು ಕೇಳಿದಳು. ಶಿವನಂಜಮ್ಮ "ಜಿ" ಎಂದಳು, ಗೋವಿಂದಯ್ಯನ ಜಿ. ಎಸ್ ಹಾಕಿಸಬಹುದಿತ್ತು ಎಂದು ಸಿದ್ದರಾಜು ಗೊಣಗಿದ. ಕೊನೆಯಲ್ಲಿ ಕೃತಜ್ಞತೆ ಹೇಳುವ ಕಡೆ, ತೆಪ್ಪ ತಳ್ಳಿದ್ದಕ್ಕಾಗಿ ಅವನ ಹೆಸರೂ ಇದೆ. ಆ ಹಾಳೆಯನ್ನು ಕಾರ್ಖಾನೆಗೆ ಒಯ್ದು ತೋರಿಸಿ ಬಂದ ಮೇಲೆ ಗೊಣಗುವುದನ್ನು ಬಿಟ್ಟ.

ಈಗ ಇನ್ನೂ ದೂರದ ದ್ವೀಪಕ್ಕೆ ಹೋಗುವ ಯೋಜನೆ ಇದೆ. ಶಿವನಂಜಮ್ಮ ಹಾಕಿದ ಷರತ್ತು ಒಂದೇ: ತೆಪ್ಪದಲ್ಲಿ ಅರ್ಧ ಜನ ಹೆಂಗಸರಿರಬೇಕು. ಹುಡುಕುವ ಕೆಲಸವೂ ಅವಳ ಪಾಲಿಗೇ ಬಂತು. ಹೆಮ್ಮಿಗೆಯಿಂದ ರೋಜಾ ಬಂದಳು, ಕಬಡ್ಡಿ ಆಡುತ್ತಿದ್ದವಳು, ತೋಳು ಗಟ್ಟಿ. ನರಸೀಪುರದಿಂದ ಅಂಗನವಾಡಿಯ ಕವನ ಬಂದಳು, ಈಜು ಬರುವುದಿಲ್ಲ, ಕಲಿಯುತ್ತೇನೆ ಎಂದಳು. ಕಳೆದ ಭಾನುವಾರ ಇಬ್ಬರನ್ನೂ ಮೊದಲ ಸಲ ತೆಪ್ಪದ ಮೇಲೆ ಕೂರಿಸಿದಳು. ರೋಜಾ ಒಂದು ಕಡೆಗೆ, ಕವನ ಇನ್ನೊಂದು ಕಡೆಗೆ ಹುಟ್ಟು ಹಾಕಿ ತೆಪ್ಪ ನಡುಹೊಳೆಯಲ್ಲಿ ಗಿರಗಿರ ತಿರುಗಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೆಲಸ ಬಿಟ್ಟು ನಗತೊಡಗಿದರು.

"ನಗ್ರವ್ವಾ, ನಗ್ರಿ!" ಎಂದು ಶಿವನಂಜಮ್ಮ ಅವರ ಕಡೆ ಕೂಗಿದಳು. "ನಮ್ಗೆ ಇನ್ನೂ ಒಬ್ರು ಬೇಕು. ಯಾರ್ ಬತ್ತೀರಿ?"

ಬಟ್ಟೆ ಒಗೆಯುತ್ತಿದ್ದವರಲ್ಲಿ ಒಬ್ಬಳು ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದಳು.